‘ಅಪ್ಪ ಹೇಗಿದ್ದಾರೆ’ ಎಂದು ಕೇಳಿದ ದಿನ

ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಕಾಗದಪತ್ರ ನೋಡುತ್ತಿದ್ದೇನೆ. ದಲ್ಲಾಳಿ ಇಲ್ಲದ ಫೈಲ್ ಮೇಜಿಗೆ ಬಂದರೆ ಒಳಗೊಳಗೇ ಖುಷಿ. ‘ಸಾರ್, ಸ್ಯಾಂಕ್ಷನ್ ಆಯಿತೇ’ ಎಂದು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಪ್ರಾಣ ಹಿಂಡುವವರು ಇರುವುದಿಲ್ಲವಲ್ಲ!

ಮನೆ ಕೊಳ್ಳಲು ಸಾಲ ಕೇಳಿ ಬಂದಿದ್ದ ಆ ದಂಪತಿ ಗೇಟಿನ ಮೇಲಿದ್ದ ಮಾರಾಟದ ಫಲಕ ನೋಡಿ ನೇರವಾಗಿ ಮಾತಾಡಿದ್ದರು. ಕಮಿಷನ್ ಉಳಿದ ಸಂತೋಷ ಮುಖದಲ್ಲೇ ಕಾಣುತ್ತಿತ್ತು. ಮನೆ ಒಬ್ಬ ಹಿರಿಯರ ಹೆಸರಿನಲ್ಲಿತ್ತು. ಮಾರುತ್ತಿದ್ದವನು ಅವರ ಮಗ, ಅಪ್ಪ ಬರೆದುಕೊಟ್ಟ ಅಧಿಕಾರ ಪತ್ರದ (ಪವರ್ ಆಫ್ ಅಟಾರ್ನಿ) ಮೇಲೆ. ಕ್ರಯಪತ್ರಗಳ ಕೊಂಡಿ ಎಲ್ಲೂ ಕಳಚಿರಲಿಲ್ಲ. ಮನೆಯ ಮೇಲೆ ನೋಂದಾಯಿತ ಸಾಲಗೀಲ ಇದೆಯೇ ಎಂದು ತೋರಿಸುವ ಋಣಭಾರ ಪತ್ರ ನಿಲ್. ಮೂಲ ಪತ್ರಗಳೂ ಅವನ ಕೈಯಲ್ಲೇ ಇದ್ದವು, ಎಂದರೆ ಬೇರೆಲ್ಲೋ ಅಡವಿಟ್ಟಿರುವ ಸಾಧ್ಯತೆ ಕಡಿಮೆ. ಅಧಿಕಾರ ಪತ್ರ ನೋಂದಣಿಯಾಗಿತ್ತು, ಪುಟಪುಟಕ್ಕೂ ಸಹಿ.

ವಕೀಲರ ಅಭಿಪ್ರಾಯದ ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ಅಧಿಕಾರ ನೀಡಿದವರು ಬದುಕಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಇಂಥ ಪ್ರತಿ ಅಭಿಪ್ರಾಯದಲ್ಲೂ ಆ ಸಾಲು ಇರುತ್ತದೆ. ಹಾಗಾಗಿಯೇ ನಾನು ಅದನ್ನು ಓದುವುದನ್ನು ಬಿಟ್ಟು ವರ್ಷಗಳಾಗಿದ್ದವು. ‘ಮುಂಗಡ ಕೊಡಬಹುದೇ’ ಎಂದು ಆಕೆ ಕೇಳಿದರು. ‘ಧಾರಾಳವಾಗಿ ಕೊಡಿ’ ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಬಹುದಿತ್ತು. ‘ಇಷ್ಟು ಚೊಕ್ಕಟವಾದ ಫೈಲ್ ಈ ವರ್ಷ ನೋಡಿಯೇ ಇಲ್ಲ’ ಎಂದೂ ಸೇರಿಸಿದೆ.

ನೋಂದಣಿಯ ದಿನ. ಸಾಲದ ಹಣದ ಡಿ.ಡಿ. ನನ್ನ ಚೀಲದಲ್ಲಿ. ನಮ್ಮ ಟೋಕನ್‌ಗೆ ಮುಂಚೆ ಇನ್ನೂ ಮೂವರಿದ್ದರು. ಹೊತ್ತು ಹೋಗದೆ ಮಗನನ್ನು ಕೇಳಿದೆ, ‘ಅಪ್ಪ ಹೇಗಿದ್ದಾರೆ? ಓಡಾಡುತ್ತಾರೆಯೇ?’

‘ಅಪ್ಪ ಹೋಗಿ ಎಂಟು ತಿಂಗಳಾಯಿತು ಸಾರ್.’

ಅವನ ದನಿಯಲ್ಲಿ ಕಳ್ಳತನವಿರಲಿಲ್ಲ. ಅಪ್ಪ ಬರೆದುಕೊಟ್ಟ ಪತ್ರ ಅಪ್ಪನ ನಂತರವೂ ನಡೆಯುತ್ತದೆ ಎಂದೇ ಅವನು ನಂಬಿದ್ದ. ಆದರೆ ಇಂಥ ಪತ್ರದ ಉಸಿರು ಬರೆದುಕೊಟ್ಟವರ ಉಸಿರಿನೊಂದಿಗೇ ನಿಲ್ಲುತ್ತದೆ. ಪತ್ರ ಪಡೆದವನಿಗೇ ಆಸ್ತಿಯಲ್ಲಿ ಹಿತಾಸಕ್ತಿ ಇರುವಂಥ ಅಪವಾದಗಳು ಬೇರೆ, ಇದು ಅದಲ್ಲ. ಮನೆ ಈಗ ವಾರಸುದಾರರೆಲ್ಲರದು. ಸಾವಿನ ಸುದ್ದಿ ಋಣಭಾರ ಪತ್ರದಲ್ಲಿ ಬರುವುದಿಲ್ಲ. ನೋಂದಣಿಯಾದ ವ್ಯವಹಾರಗಳಷ್ಟೇ ಅದರಲ್ಲಿ ಕಾಣುವುದು, ಅದೂ ನಾವು ಕೇಳಿದ ಅವಧಿಯವು.

ಸರದಿಯಲ್ಲಿ ನಮಗಿಂತ ಮುಂದೆ ಇನ್ನು ಇಬ್ಬರು. ಸುಳ್ಳೇಕೆ ಹೇಳಲಿ, ಕೇಳಿಸಲೇ ಇಲ್ಲ ಎಂದುಕೊಂಡು ಸುಮ್ಮನಿದ್ದುಬಿಡಲೇ ಎಂದು ಒಂದು ಕ್ಷಣ ಅನಿಸಿತು. ತಿಂಗಳ ಕೊನೆಯ ವಾರ, ಗುರಿಗೆ ಇದೊಂದೇ ಫೈಲ್ ಬಾಕಿ. ಚೀಲದ ಜಿಪ್ ಎಳೆದೆ, ಬಿಟ್ಟೆ, ಮತ್ತೆ ಎಳೆದೆ. ‘ನಿನಗೆ ಒಡಹುಟ್ಟಿದವರು ಇದ್ದಾರೆಯೇ’ ಎಂದು ಕೇಳಿದೆ. ಇಬ್ಬರು ಅಕ್ಕಂದಿರು. ಮಾರಾಟದ ವಿಷಯ ಒಬ್ಬರಿಗೆ ಗೊತ್ತು, ಇನ್ನೊಬ್ಬರೊಂದಿಗೆ ಮಾತಿಲ್ಲ.

ನಮ್ಮ ಟೋಕನ್ ಕರೆದರು. ನಾನು ಎದ್ದು ಬೇಡವೆಂದು ಕೈಯಾಡಿಸಿದೆ. ದಂಪತಿಗೆ ವಿಷಯ ಹೇಳುವಾಗ ನನ್ನ ಕಣ್ಣು ಗೋಡೆಯ ಮೇಲಿತ್ತು. ಆಕೆ ಕೂಗಾಡಲಿಲ್ಲ. ‘ಚೊಕ್ಕಟ ಎಂದಿದ್ದಿರಲ್ಲ’ ಎಂದಷ್ಟೇ ಕೇಳಿದರು.

ಯಾವುದೇ ದಲ್ಲಾಳಿಯಾಗಿದ್ದರೂ ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಿ ಮೊದಲ ದಿನವೇ ಇದನ್ನು ತಿಳಿದುಕೊಂಡಿರುತ್ತಿದ್ದ. ತಿಳಿದು ಮುಚ್ಚಿಡುತ್ತಿದ್ದನೋ ಏನೋ, ಅದು ಬೇರೆ ಮಾತು. ದಲ್ಲಾಳಿ ಇಲ್ಲದಿದ್ದಾಗ ಆ ಓಡಾಟವನ್ನು ಇನ್ಯಾರಾದರೂ ಮಾಡಬೇಕು. ಮುಂಗಡಕ್ಕೆ ಮುಂಚೆ ಪತ್ರದಲ್ಲಿ ಹೆಸರಿರುವ ಪ್ರತಿಯೊಬ್ಬರನ್ನೂ ಮುಖತಃ ಕಾಣಬೇಕು, ಕೊನೆಗೆ ಫೋನಿನಲ್ಲಾದರೂ ದನಿ ಕೇಳಬೇಕು. ನಾನು ಮುದ್ರೆಗಳನ್ನು ಎಣಿಸುತ್ತ ಕುಳಿತಿದ್ದೆ.

ನಾಲ್ಕು ತಿಂಗಳ ಮೇಲೆ ಮೂವರೂ ವಾರಸುದಾರರು ಸಹಿ ಹಾಕಿದರು. ಮುಂಗಡ ಮುಳುಗಲಿಲ್ಲ. ನಮ್ಮ ಮ್ಯಾನೇಜರ್ ಕೇಳಿದ್ದು ಒಂದೇ, ಆ ತಿಂಗಳ ವಿತರಣೆಯ ಲೆಕ್ಕದಿಂದ ಈ ಫೈಲ್ ಏಕೆ ಬಿದ್ದುಹೋಯಿತು ಎಂದು. ಆಮೇಲೆ ಸಾಫ್ಟ್‌ವೇರ್‌ನಲ್ಲಿ ‘ಅಧಿಕಾರದಾತ ಬದುಕಿದ್ದಾರೆ: ಹೌದು/ಇಲ್ಲ’ ಎಂಬ ಹೊಸ ಅಂಕಣ ಬಂತು. ‘ಹೌದು’ ಮೊದಲೇ ತುಂಬಿಕೊಂಡಿರುತ್ತದೆ.

ನಾನು ಈಗ ಫೋನ್ ಮಾಡುತ್ತೇನೆ. ಮೊನ್ನೆ ಒಬ್ಬ ಅಜ್ಜ ಎತ್ತಿದರು. ಬ್ಯಾಂಕಿನಿಂದ, ತಾವು ಇದ್ದೀರಾ ಎಂದು ಖಚಿತಪಡಿಸಿಕೊಳ್ಳಲು ಮಾಡಿದೆ ಎಂದೆ.

‘ಇದ್ದೇನೆ’ ಎಂದರು. ‘ಏಕೆ, ನನ್ನ ಮಗ ಏನಾದರೂ ಹೇಳಿದನೇ?’