ಕೆಜಿಎಫ್‌ಗೆ ಹೋದರೆ ಬರೀ ಸೈನೈಡ್ ಗುಡ್ಡ ನೋಡಿ ಬರಬೇಡಿ

ನಾನು ಕೋಲಾರದವನು. ಆದರೂ ಕೆಜಿಎಫ್ ಅಂದರೆ ನನಗೆ ಮದುವೆಗೆ ಹೋಗಿ ಊಟ ಮುಗಿಸಿ ವಾಪಸ್ ಬರುವ ಊರು, ಅಷ್ಟೇ. ಹೋದ ತಿಂಗಳು ತುಮಕೂರಿನಿಂದ ನಮ್ಮ ಷಡ್ಡಕ ಬಂದು, ಸಿನಿಮಾದಲ್ಲಿ ಕಂಡ ಗುಡ್ಡ ತೋರಿಸಲೇಬೇಕು ಅಂತ ಕೂತರು. ಮನುಷ್ಯ ಕಟ್ಟಡದ ಕಂಟ್ರಾಕ್ಟರ್. ಗುಡ್ಡ ಅವರಿಗೆ ಹತ್ತೇ ನಿಮಿಷಕ್ಕೆ ಸಾಕಾಯಿತು. ಆದರೆ ಹಳೇ ಬಂಗಲೆಗಳ ಸೂರು ನೋಡುತ್ತಾ ನಿಂತವರನ್ನು ಊಟಕ್ಕೆ ಎಳೆದುಕೊಂಡು ಹೋಗುವಷ್ಟರಲ್ಲಿ ಮೂರು ಗಂಟೆ.

ಬಸ್ಸೂ ಇದೆ, ಆದರೆ ರೈಲಲ್ಲಿ ಹೋಗಿ. ಬೆಂಗಳೂರಿನಿಂದ ಮಾರಿಕುಪ್ಪಂ ರೈಲು ಹಿಡಿದರೆ ನೇರ ಊರೊಳಗೇ ಇಳಿಯಬಹುದು. ಕೋಲಾರದ ಕಡೆಯವರು ಬಸ್ಸಲ್ಲಿ ಬಂಗಾರಪೇಟೆಗೆ ಬಂದು ಅಲ್ಲಿ ಹತ್ತಿ. ಈ ಕವಲು ಹಳಿ ಹಾಕಿದ್ದು 1894ರಲ್ಲಿ, ಗಣಿಗಳಿಗೋಸ್ಕರವೇ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ: ನಿಲ್ದಾಣದ ಹೆಸರುಗಳನ್ನು ಓದಿಕೊಂಡು ಹೋದರೇ ಅರ್ಧ ಚರಿತ್ರೆ ಆಯಿತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಈಗ ಅದೇ ಹಳಿ ಮೇಲೆ ಇಲ್ಲಿನ ಜನ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಬೆಳಗ್ಗೆ ಅವರೆಲ್ಲ ಆ ಕಡೆ, ನಾವು ಈ ಕಡೆ, ಹಾಗಾಗಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

ಊರಿಗಾಂನಲ್ಲಿ ಇಳಿದು ಅರ್ಧ ದಿನಕ್ಕೆ ಅಂತ ಒಂದು ಆಟೋ ಮಾತಾಡಿಕೊಳ್ಳಿ. ಊರು ಉದ್ದಕ್ಕೆ ಹರಡಿಕೊಂಡಿದೆ, ಬಿಸಿಲಲ್ಲಿ ನಡೆದು ಮುಗಿಯುವುದಿಲ್ಲ. ನಮ್ಮ ಆಟೋದವರು ಮೊದಲು ಗುಡ್ಡಕ್ಕೇ ತಿರುಗಿಸಿದರು, ಬಂದವರೆಲ್ಲ ಕೇಳುವುದು ಅದನ್ನೇ ಅಂತೆ. ಅದು ಗುಡ್ಡವಲ್ಲ. ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು, ಗಣಿ ನಡೆದಷ್ಟು ಕಾಲ ಸುರಿದು ಸುರಿದು ಬೆಳೆದದ್ದು. ಗಾಳಿ ಎದ್ದರೆ ಆ ದೂಳು ಮೂಗು ಬಾಯಿಗೆಲ್ಲ ಮೆತ್ತಿಕೊಳ್ಳುತ್ತದೆ. ಮಕ್ಕಳನ್ನು ಅದರ ಮೇಲೆ ಜಾರಲು ಬಿಡಬೇಡಿ. ದೂರದಿಂದ ಒಂದು ಫೋಟೋ ತೆಗೆದು ಮುಂದೆ ನಡೆಯಿರಿ.

ನೋಡಬೇಕಾದ್ದು ಬಂಗಲೆಗಳು. ಗಣಿಯನ್ನು 1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಬಂದರು. ಅವರಿಗೂ ಸಾಹೇಬರಿಗೂ ಕಟ್ಟಿದ ಮನೆಗಳಿವು. ಒಂದು ಪಾಳು ಬಂಗಲೆಯ ಮುಂದೆ ಷಡ್ಡಕ ನನ್ನನ್ನು ಹಿಡಿದು ನಿಲ್ಲಿಸಿದರು. ಕಿಟಕಿ ಮೇಲೆ ಮುಂದಕ್ಕೆ ಚಾಚಿದ ಮರದ ಟೋಪಿ. ಒಂದಕ್ಕೊಂದು ಜೋಡಿಸಿದ ಸಣ್ಣ ಪಟ್ಟಿಗಳು, ಪ್ರತಿಯೊಂದರ ಕೆಳತುದಿಯನ್ನು ಬಾಣದ ಮೊನೆ ಹಾಗೆ ಕೊಯ್ದಿದ್ದಾರೆ. "ಇದಕ್ಕೆ ಮಂಕಿ ಟಾಪ್ ಅಂತೀವಿ. ಮಳೆ ನೀರು ಮೊನೆಯಿಂದ ತೊಟ್ಟಿಕ್ಕಿ ಬಿದ್ದುಹೋಗುತ್ತೆ, ಪಟ್ಟಿ ಕೊಳೆಯಲ್ಲ. ಈಗ ಹೀಗೆ ಮಾಡಿಕೊಡು ಅಂದ್ರೆ ಬಡಗಿ ನನ್ನ ಫೋನೇ ಎತ್ತಲ್ಲ," ಅಂದರು. ಮೇಲೆ ತಗಡಿನ ಮಾಡು, ಅದರ ನಡುವೆ ಹೊಗೆಗೂಡು. ನಮ್ಮ ಕೋಲಾರದ ಬಿಸಿಲಿಗೆ ಬೆಂಕಿ ಕಾಯಿಸಿಕೊಳ್ಳುವ ಒಲೆ! ಊರಿನ ನೆನಪಿಗೆ ಕಟ್ಟಿಕೊಂಡಿರಬೇಕು, ಪಾಪ.

ಈ ಮನೆಗಳಲ್ಲಿ ಕರೆಂಟ್ ದೀಪ ಉರಿದದ್ದು ಬೆಂಗಳೂರಿಗಿಂತ ಮೊದಲು. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತೆಗೆದು, 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು ತಂದದ್ದು ಈ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ.

1885ರ ಕೆಜಿಎಫ್ ಕ್ಲಬ್ಬನ್ನೂ ನೋಡುವ ಆಸೆ ಇದ್ದರೆ ಪರಿಚಯದ ಸದಸ್ಯರನ್ನು ಮೊದಲೇ ಕೇಳಿಕೊಳ್ಳಿ, ಅದು ಸದಸ್ಯರ ಜಾಗ. ಚಾಂಪಿಯನ್ ರೀಫ್‌ನ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚಿಗೆ ಭಾನುವಾರ ಹೋಗುವುದಾದರೆ ಪೂಜೆ ಮುಗಿದ ಮೇಲೆ ಹೋಗಿ.

ಬಂಗಲೆ ನೋಡಿದ ಕಣ್ಣಲ್ಲೇ, ಅದೇ ದಿನ, ಕಾರ್ಮಿಕರ ಲೈನ್ ಮನೆಗಳನ್ನೂ ನೋಡಿ. ಇದೊಂದು ಮಾತನ್ನು ಖಂಡಿತ ಕೇಳಿ. ಸಾಹೇಬರ ಮನೆಯನ್ನು ಮಾತ್ರ ಪಾರಂಪರಿಕ ಕಟ್ಟಡ ಅಂತ ಕರೆದು ಲೈನುಗಳನ್ನು ಕೊಳೆಗೇರಿ ಅನ್ನುವವರ ಮೇಲೆ ನನಗೆ ಸಿಟ್ಟಿದೆ. ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಡಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದವರು ಮಲಗಿ ಎದ್ದದ್ದು ಇಲ್ಲಿ. ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತ ಕುಟುಂಬಗಳವರು. ಒಂದು ಲೈನಿನ ಬಾಗಿಲಲ್ಲಿ ಕೂತಿದ್ದ ಹಿರಿಯರೊಬ್ಬರು, ಶಿಫ್ಟ್ ಮಾಡಿ ರಿಟೈರ್ ಆದವರು, ನಮ್ಮನ್ನು ಒಳಗೆ ಕರೆದರು. ಷಡ್ಡಕ ಟೇಪ್ ಹಿಡಿಯದೆ ಹೆಜ್ಜೆಯಲ್ಲೇ ಅಳೆದರು: ಉದ್ದ ನಾಲ್ಕು ಹೆಜ್ಜೆ, ಅಗಲ ಮೂರು.

"ನಮ್ಮಪ್ಪನ ಕಾಲಕ್ಕೆ ಗೋಡೆ ಇಲ್ಲ ಸಾರ್, ತಟ್ಟಿ. ಬಿದಿರು ತಟ್ಟಿ. ಪಕ್ಕದ ಮನೇಲಿ ಕೆಮ್ಮಿದ್ರೆ ನಮಗೆ ಎಚ್ಚರ ಆಗೋದು," ಅಂದರು ಅವರು. ನೆಲದೊಳಗೆ ಬಂಡೆ ಸಿಡಿದರೆ ಮೇಲೆ ಮನೆಯಲ್ಲಿ ಪಾತ್ರೆ ಅಲುಗುತ್ತಿತ್ತಂತೆ. ಪಾತ್ರೆ ಅಲುಗಿದ ತಕ್ಷಣ ಹೆಂಗಸರೆಲ್ಲ ಶಾಫ್ಟಿನ (ಗಣಿಗೆ ಇಳಿಯುವ ಬಾವಿಯ) ಕಡೆ ಓಡುತ್ತಿದ್ದರಂತೆ. ಮಾತು ಅಲ್ಲಿಗೇ ನಿಲ್ಲಿಸಿ ಕಾಫಿ ತರಿಸಿದರು. ಇವು ಜನ ಬಾಳುತ್ತಿರುವ ಮನೆಗಳು, ಕೇಳದೆ ಕ್ಯಾಮೆರಾ ಎತ್ತಬೇಡಿ.

ಶಾಫ್ಟಿನ ಹತ್ತಿರ ಸಾಹಸ ಬೇಡ. ಗಣಿಯೊಳಗೆಲ್ಲ ನೀರು ತುಂಬಿದೆ, ಪ್ರವೇಶವೂ ಇಲ್ಲ. ಬೇಲಿಯೊಳಗೆ ತಲೆ ತೂರಿಸಿದ ನಮಗೆ ಕಾವಲಿನವರು ಚೆನ್ನಾಗಿಯೇ ಬೈದರು, ತಪ್ಪು ನಮ್ಮದೇ. ಹೆಡ್‌ಗಿಯರ್ ಅನ್ನುವ ಆ ಕಬ್ಬಿಣದ ಗೋಪುರ ರಸ್ತೆಯಿಂದಲೇ ಕಾಣುತ್ತದೆ.

ಊಟಕ್ಕೆ ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆ ಕಡೆ ಹೋಗಿ. ಸಮಯ ಉಳಿದರೆ ಕಮ್ಮಸಂದ್ರದ ಕೋಟಿಲಿಂಗೇಶ್ವರ ಹತ್ತಿರದಲ್ಲೇ ಇದೆ, ಹೆಚ್ಚಿನವರು ಎರಡನ್ನೂ ಒಂದೇ ದಿನ ಮುಗಿಸುತ್ತಾರೆ. ನಾವು ಹೋಗಲಿಲ್ಲ, ಷಡ್ಡಕರಿಗೆ ಇನ್ನೊಂದು ಬಂಗಲೆಯ ಬಾಗಿಲು ನೋಡಬೇಕಿತ್ತು.

ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನಿ. ಇಲ್ಲಿನ ಪಾನಿ ಕುಡಿಯುವ ನೀರಿನ ಹಾಗೆ ತಿಳಿ, ಆದರೆ ಖಾರ ನೆತ್ತಿಗೇರುತ್ತದೆ. ಬರೀ ನೀರು ಅಂದುಕೊಂಡು ಷಡ್ಡಕರು ಒಂದು ಲೋಟ ಪೂರ್ತಿ ಎತ್ತಿದರು. ಕೋಲಾರ ಬಸ್ ಹತ್ತುವವರೆಗೂ ಮಂಕಿ ಟಾಪ್ ಮಾತಿಲ್ಲ.