ಬಾಗಿಲು ಮುಚ್ಚಿಸುವ ಮೊದಲು ಅಕ್ಕಿ ಡಬ್ಬ ನೋಡಿ

2020ರಲ್ಲಿ, ಕೋವಿಡ್ ಸಮಯದಲ್ಲಿ, ನಮ್ಮ ಬೀದಿಯ ಒಂದು ಮನೆಗೆ ಕ್ವಾರಂಟೈನ್ ಪೋಸ್ಟರ್ ಅಂಟಿಸಿದರು. 14 ದಿನ ಹೊರಗೆ ಬರಬೇಡಿ ಅಂದರು. ಮಗುವಿಗೆ ಹಾಲು ಯಾರು ತಂದುಕೊಡುತ್ತಾರೆ, ಅಜ್ಜಿಯ ಬಿಪಿ ಮಾತ್ರೆ ಇನ್ನೆಷ್ಟು ದಿನಕ್ಕಿದೆ, ಗಾರೆ ಕೆಲಸಕ್ಕೆ ಹೋಗುವ ಅಪ್ಪನಿಗೆ ಅಷ್ಟು ದಿನದ ಕೂಲಿ ಎಲ್ಲಿಂದ, ಇದನ್ನು ಒಬ್ಬರೂ ಕೇಳಲಿಲ್ಲ. ಮೂರನೇ ದಿನ ಅವರು ಕತ್ತಲಾದ ಮೇಲೆ ಅಂಗಡಿಗೆ ಹೋದರು. ಬೀದಿಯವರೆಲ್ಲ ಬೈದರು. ನಾನೂ ಬೈದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅದಕ್ಕೂ ಎರಡು ವರ್ಷ ಮೊದಲೇ, 2018ರ ಮೇನಲ್ಲಿ, ಪಕ್ಕದ ಕೇರಳದ ಕೋಳಿಕ್ಕೋಡಿಗೆ ನಿಪಾ ಅನ್ನೋ ವೈರಸ್ ಕಾಯಿಲೆ ಬಂದಿತ್ತು. ಸೋಂಕಿತರ ಹತ್ತಿರ ಹೋದವರನ್ನೆಲ್ಲ ಹುಡುಕಿ ಪಟ್ಟಿ ಮಾಡಿದರು, ಎರಡು ಸಾವಿರಕ್ಕೂ ಜಾಸ್ತಿ ಜನ. ಜ್ವರ ಬಂತಾ ಅಂತ ಫೋನ್ ಮಾಡಿ ವಿಚಾರಿಸುತ್ತಿದ್ದರು, ಮನೆಯೊಳಗೇ ಇದ್ದವರಿಗೆ ಅಕ್ಕಿ ಬೇಳೆಯ ಕಿಟ್ ಕೊಟ್ಟರು. ಹೊಟ್ಟೆ ತುಂಬಿದ್ದರೆ, ದಿನಾ ಒಬ್ಬರು ವಿಚಾರಿಸುತ್ತಿದ್ದರೆ, ಮನೆಯೊಳಗೆ ಇರುವುದು ಅಷ್ಟು ಕಷ್ಟವಲ್ಲ ಅಲ್ವಾ?

ಎಷ್ಟು ದಿನ ಅನ್ನೋದು ಕಾಯಿಲೆಗೆ ತಕ್ಕ ಹಾಗೆ. ಸೋಂಕು ಮೈಗೆ ಹೊಕ್ಕು ಲಕ್ಷಣ ತೋರಿಸಲು ಹಿಡಿಯುವ ಅತಿ ಹೆಚ್ಚು ಸಮಯ ನೋಡಿ ಲೆಕ್ಕ ಹಾಕುತ್ತಾರೆ. 2020ರಲ್ಲಿ ಕೋವಿಡ್‌ಗೆ 14 ದಿನ ಇತ್ತು, ನಿಪಾಗೆ 21. ಇಲಿಯ ಚಿಗಟದಿಂದ ಹರಡುವ ಪ್ಲೇಗಿಗೆ ಮನೆಯೊಳಗೆ ಕೂರುವುದೇ ಅಪಾಯ. ಅದಕ್ಕೇ ನಮ್ಮ ಹಿರಿಯರು ಇಲಿ ಸತ್ತು ಬಿದ್ದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸುಮ್ನೆ ಎಲ್ಲದಕ್ಕೂ ಒಂದೇ ಬೀಗ ಹಾಕಿದರೆ ಆಗುವುದಿಲ್ಲ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ. ಕೋವಿಡ್ ಸಮಯದಲ್ಲಿ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳು ವಾಟ್ಸಾಪ್‌ನಲ್ಲಿ ಹರಿದಾಡಿದವು. ಒಂದು ಮನೆಗೆ ಹಾಗೆ ಅವಮಾನವಾದರೆ, ಮುಂದಿನ ಮನೆಯವರು ಜ್ವರ ಬಂದರೂ ಪ್ಯಾರಾಸಿಟಮಾಲ್ ನುಂಗಿ ಬಾಯಿ ಮುಚ್ಚಿಕೊಂಡಿರುತ್ತಾರೆ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಕೇಳಿದರೂ ಹೇಳುವುದಿಲ್ಲ. ಆಮೇಲೆ ಯಾವ ಪಟ್ಟಿ ಇದ್ದು ಏನು ಉಪಯೋಗ?

ಈಗ ನಮ್ಮ ಬೀದಿಗೆ ಒಂದು ನೋಟ್‌ಬುಕ್ ಮಾಡಿದ್ದೇವೆ. ಯಾರಿಗೆ ಇನ್ಸುಲಿನ್ ಬೇಕು, ಯಾರದು ದಿನಗೂಲಿ, ಒಂಟಿಯಾಗಿರುವವರು ಯಾರು, ಒಂದೇ ಕೋಣೆಯ ಮನೆ ಯಾವುದು, ಎಲ್ಲ ಅವರವರನ್ನೇ ಕೇಳಿ ಬರೆದದ್ದು. ಪುಸ್ತಕ ಇಬ್ಬರ ಹತ್ತಿರ ಮಾತ್ರ ಇರುತ್ತದೆ. ಒಂದೇ ಕೋಣೆಯವರನ್ನು ಎಲ್ಲಿ ಇರಿಸುವುದು ಅಂತ ಇನ್ನೂ ತೀರ್ಮಾನವಾಗಿಲ್ಲ. ಸಮುದಾಯ ಭವನ ಕೇಳಿದ್ದೇವೆ, ಅಲ್ಲಿ ಇರುವುದು ಒಂದೇ ಶೌಚಾಲಯ. ಹಾಲು ತಂದುಕೊಡುವ ಸರದಿಗೆ ಮೊದಲು ಹೆಸರು ಬರೆಸಿದವರು ಆ ಗಾರೆ ಕೆಲಸದ ಅಣ್ಣ.