ಅಪ್ಪ ನೋಡದ ಕೊನೆಯ ದೃಶ್ಯ

2009ರ ಡಿಸೆಂಬರ್ 30ರ ಬೆಳಿಗ್ಗೆ ಮೈಸೂರಿನಲ್ಲಿ ವಿಷ್ಣುವರ್ಧನ್ ತೀರಿಕೊಂಡ ಸುದ್ದಿ ಬಂದಾಗ, ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಹೆಚ್ಚಿನವರು ಆ ಹೆಸರನ್ನೇ ಎತ್ತಲಿಲ್ಲ. ‘ರಾಮಾಚಾರಿ ಹೋಗಿಬಿಟ್ಟನಂತೆ’ ಎಂದೇ ಮಾತು ಮನೆಯಿಂದ ಮನೆಗೆ ದಾಟಿತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ, ವಿಷ್ಣುವರ್ಧನ್ ರಾಮಾಚಾರಿಯಾಗಿದ್ದ ‘ನಾಗರಹಾವು’ ಚಿತ್ರಕ್ಕೆ ನಮ್ಮ ಕೋಟೆಯೇ ನೆಲೆಯಾಗಿದ್ದರಿಂದ, ಬೇರೆ ಊರಿನವರಿಗೆ ಸಿನಿಮಾ ಆದದ್ದು ನಮಗೆ ಹಿತ್ತಲಲ್ಲಿ ನಡೆದ ಸಂಗತಿಯಂತಿತ್ತು.

ನಾನು ಅದನ್ನು ಮೊದಲು ನೋಡಿದ್ದು ಎಂಬತ್ತರ ದಶಕದ ಆರಂಭದಲ್ಲಿ, ಟೂರಿಂಗ್ ಟಾಕೀಸಿನ ನೆಲದ ಮೇಲೆ ಅಪ್ಪನ ಪಕ್ಕದಲ್ಲಿ ಕುಳಿತು. ತೆರೆಯ ಮೇಲೆ ಬಂಡೆಯೊಂದು ಕಂಡರೆ ಸಾಕು, ಅದು ಯಾವ ಬಾಗಿಲ ಬಳಿಯದು ಎಂದು ಜನ ಕೂಗಿ ಹೇಳುತ್ತಿದ್ದರು. ಜಯಂತಿ ಓಬವ್ವನಾಗಿ ಒನಕೆ ಎತ್ತಿದಾಗಲಂತೂ ಶಿಳ್ಳೆಯಲ್ಲಿ ಹಾಡೇ ಕೇಳಿಸಲಿಲ್ಲ. ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿದ ರಾಮಾಚಾರಿ ಆ ವಯಸ್ಸಿಗೆ ನನ್ನ ದೇವರಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅವನ ಗುರು, ಕೆ.ಎಸ್. ಅಶ್ವತ್ಥರು ಅಭಿನಯಿಸಿದ ಚಾಮಯ್ಯ ಮೇಷ್ಟ್ರು ಬೆಟ್ಟ ಹತ್ತತೊಡಗುತ್ತಲೇ ಅಪ್ಪ ‘ಬೀಡಿ ಸೇದಿ ಬರ್ತೀನಿ’ ಎಂದು ಎದ್ದು ಹೋದರು. ಮುಂದೆ ಎರಡು ಬಾರಿ ನೋಡಿದಾಗಲೂ ಅಷ್ಟೇ ಆಯಿತು. ತಾವೂ ಪ್ರೈಮರಿ ಶಾಲೆಯ ಮೇಷ್ಟ್ರಾದ್ದರಿಂದ, ಮೇಷ್ಟ್ರೊಬ್ಬರು ಶಿಷ್ಯನ ಕೈಯಿಂದಲೇ ಬಂಡೆಯಿಂದ ಬೀಳುವುದನ್ನು ನೋಡಲಾರರು ಎಂದು ನಾನು ಅರ್ಥ ಮಾಡಿಕೊಂಡಿದ್ದೆ.

ವಿಷ್ಣುವರ್ಧನ್ ತೀರಿಕೊಂಡ ಆ ರಾತ್ರಿ ಮನೆಯಲ್ಲಿದ್ದ ಹಳೆಯ ವಿಸಿಡಿಯನ್ನು ಹಾಕಿದೆ. ಆ ವೇಳೆಗೆ ನಾನೂ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದುದರಿಂದಲೋ ಏನೋ, ಒಂದು ಕಾಲದಲ್ಲಿ ರಾಮಾಚಾರಿಗಾಗಿ ತುಂಬಿ ಬರುತ್ತಿದ್ದ ಕಣ್ಣು ಈಗ ಮೇಷ್ಟ್ರಿಗಾಗಿ ತುಂಬಿತು. ಅಪ್ಪ ಮಾತ್ರ ಎಂದಿನಂತೆ ಎದ್ದು ಜಗಲಿಗೆ ಹೋಗಿದ್ದರು. ಚಿತ್ರ ಮುಗಿದ ಮೇಲೆ ಹೋಗಿ ಪಕ್ಕದಲ್ಲಿ ಕುಳಿತು, ‘ಪಾಪ, ಮೇಷ್ಟ್ರು’ ಎಂದೆ.

‘ಪಾಪ ಏನು ಬಂತು? ರಾಮಾಚಾರಿ ಇಷ್ಟಪಟ್ಟ ಅಲಮೇಲುನ ಬಿಟ್ಟುಬಿಡು ಅಂತ ಅವನಿಗೆ ಹೇಳಿದ್ದು ಯಾರು?’ ಎಂದರು ಅಪ್ಪ.

ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವುದೋ ಹಳ್ಳಿಯ ಶಾಲೆಯಲ್ಲಿ ತಾವು ಅಕ್ಷರ ಕಲಿಸಿದ್ದ ಹುಡುಗನೊಬ್ಬನ ವಿಷಯ ಹೇಳಿದರು. ಕಾಲೇಜಿಗೆ ಹೋದ ಮೇಲೆ ಅವನು ಬೇರೆ ಜಾತಿಯ ಹುಡುಗಿಯನ್ನು ಇಷ್ಟಪಟ್ಟಿದ್ದನಂತೆ. ಮನೆಯವರ ಮಾತಿಗೆ ಜಗ್ಗದೆ ಹೋದಾಗ ಅವರು ಅಪ್ಪನನ್ನು ಕರೆಸಿದ್ದರಂತೆ. ‘ನಾನು ಹೇಳ್ದೆ, ಅವನು ಕೇಳ್ದ. ಒಂದು ಮಾತೂ ಎದುರಾಡ್ಲಿಲ್ಲ ಕಣಪ್ಪ. ಕಾಲು ಮುಟ್ಟಿ ನಮಸ್ಕಾರ ಮಾಡಿ ಊರು ಬಿಟ್ಟೋದ. ಎಲ್ಲಿದ್ದಾನೋ ಏನೋ. ಅವತ್ತು ಅವನು ನನ್ನ ಮಾತು ಮೀರಿದ್ರೆ ಚೆನ್ನಾಗಿತ್ತು.’

ಅಷ್ಟು ವರ್ಷ ನೋಡಿದ ಚಿತ್ರವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ ಎನ್ನಿಸಿತು. ಶಿಷ್ಯನಿಗೆ ತನ್ನ ಮೇಲಿರುವ ಪ್ರೀತಿಯನ್ನೇ ಮುಂದಿಟ್ಟು ಮೇಷ್ಟ್ರು ಅವನ ಬದುಕನ್ನು ಕೇಳಿ ಪಡೆಯುತ್ತಾರೆ. ಅದರ ಫಲವಾಗಿ ಅಲಮೇಲು ಎಲ್ಲಿಗೆ ಹೋಗಿ ಮುಟ್ಟುತ್ತಾಳೆ ಎಂಬುದನ್ನು ಪುಟ್ಟಣ್ಣ ಮರೆಮಾಚಿಲ್ಲ. ಆದರೂ ಅಶ್ವತ್ಥರ ಕಣ್ಣಿನಲ್ಲಿರುವ ವಾತ್ಸಲ್ಯ ಎಷ್ಟು ನಿಜವೆಂದರೆ, ನಮಗೆ ಆ ತಪ್ಪು ತಪ್ಪೆಂದು ಕಾಣುವುದೇ ಇಲ್ಲ. ಅಪ್ಪನಿಗೆ ಮಾತ್ರ ಕಂಡಿತ್ತು. ಅವರು ಪ್ರತಿಸಲ ಎದ್ದು ಹೋಗುತ್ತಿದ್ದುದು ಮೇಷ್ಟ್ರ ಸಾವನ್ನು ನೋಡಲಾಗದೆ ಅಲ್ಲ, ಆ ಶಿಷ್ಯ ತಿರುಗಿಬಿದ್ದು ಕೇಳುವ ಪ್ರಶ್ನೆಯನ್ನು ಎದುರು ಕುಳಿತು ಕೇಳಲಾಗದೆ.

ಜನವರಿ 18ರಂದು ಕೆ.ಎಸ್. ಅಶ್ವತ್ಥರೂ ತೀರಿಕೊಂಡರು. ಮರುದಿನದ ಪತ್ರಿಕೆಯನ್ನು ಬಹಳ ಹೊತ್ತು ತೊಡೆಯ ಮೇಲಿಟ್ಟುಕೊಂಡಿದ್ದ ಅಪ್ಪ, ಕನ್ನಡಕ ತೆಗೆದು ನನ್ನ ಕಡೆ ತಿರುಗಿ, ‘ಶಿಷ್ಯ ಹೋದ ಮೇಲೆ ಮೇಷ್ಟ್ರು ಎಷ್ಟು ದಿನ ಇದ್ರು?’ ಎಂದು ಕೇಳಿದರು.

ಬೆರಳು ಮಡಚಿ ಎಣಿಸಿ, 19 ದಿನ ಎಂದೆ.